ಅಕ್ಕ ಎತ್ತಿದ್ದು ಬಲಗೈ

ಕಡಬ

ಐಫೆಲ್ ಗೋಪುರವನ್ನು ನಾನು ನೋಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ದೂರಬಾರದು. ನಾನು ಫ್ರಾನ್ಸಿಗೆ ಹೋದದ್ದು ಊರು ನೋಡಲಿಕ್ಕಲ್ಲ, ಗಿರಿಜಕ್ಕನ ಎಡಗೈಗಾಗಿ. ಈಗಲೂ ಪೇಟೆಯಲ್ಲಿ ಯಾರಾದರೂ ತಡೆದು ನಿಲ್ಲಿಸಿ, "ಡಾಕ್ಟ್ರೆ, ಫ್ರಾನ್ಸ್ ಹೇಗುಂಟು ಮಾರಾಯ್ರೆ?" ಎಂದು ಕೇಳಿದರೆ ನನ್ನ ಪಿತ್ತ ನೆತ್ತಿಗೇರುತ್ತದೆ.

ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಕಡಬ ಪೇಟೆಯಲ್ಲಿ ನನ್ನ ಕ್ಲಿನಿಕ್. ಗಿರಿಜಕ್ಕ ನನ್ನ ಒಬ್ಬಳೇ ಅಕ್ಕ, ಮದುವೆಯಾಗಿ ಹೋದದ್ದು ಐವರ್ನಾಡಿಗೆ. ಅಲ್ಲಿ ಭಾವನ ಮನೆಯ ಹಟ್ಟಿಯಲ್ಲಿ ದನಗಳ ಹಾಲು ಕರೆಯುವವಳು ಅವಳೊಬ್ಬಳೇ. ಬೇರೆ ಯಾರು ಚೆಂಬು ಹಿಡಿದು ಕೂತರೂ ಆ ದನಗಳು ಒದೆಯುತ್ತಿದ್ದವು, ಅವಳಿಗೆ ಅದೊಂದು ದೊಡ್ಡ ಹೆಮ್ಮೆ. ಒಂದು ಮಳೆಗಾಲ ಮುಗಿಯುತ್ತಿದ್ದ ಹಾಗೆ ಅವಳ ಕುತ್ತಿಗೆಯಲ್ಲಿ ಶುರುವಾದ ನೋವು ಎಡ ಭುಜಕ್ಕೆ ಇಳಿಯಿತು, ಅಲ್ಲಿಂದ ಬೆರಳಿಗೆ. ಎಡಗೈ ಎದೆಯ ಮಟ್ಟಕ್ಕಿಂತ ಮೇಲೆ ಹೋಗದಾಯಿತು.

ಮಂಗಳೂರಿನ ಸರ್ಜನ್ ಎಕ್ಸ್‌ರೇ ನೋಡಿ ನೇರವಾಗಿಯೇ ಹೇಳಿದರು. ಕುತ್ತಿಗೆಯ ಎಲುಬಿನ ಸಂದಿಯಲ್ಲಿ ನರ ಒತ್ತಿಕೊಂಡಿದೆ, ಆಪರೇಷನ್ ಮಾಡಬೇಕು, ತಡ ಮಾಡಿದರೆ ಮುಂದೆ ನೋವು ಹೋದರೂ ಕೈಯ ಬಲ ವಾಪಸ್ ಬರಲಿಕ್ಕಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಅಕ್ಕ, "ಕುತ್ತಿಗೆಗೆ ಕತ್ತಿ ಹಾಕ್ಲಿಕ್ಕೆ ನಾನೆಂತ ಕೋಳಿಯಾ?" ಎಂದಳು.

ಅದೇ ಸಮಯಕ್ಕೆ ಸಿಸ್ಟರ್ ರೋಸಿಲಿ ರಜೆಯಲ್ಲಿ ಊರಿಗೆ ಬಂದಿದ್ದರು. ಅವರ ಅಪ್ಪ ಕೇರಳದಿಂದ ಬಂದು ಕಡಬದ ಹತ್ತಿರ ರಬ್ಬರ್ ಹಾಕಿದವರು, ನನ್ನ ಹಳೆಯ ಪೇಶೆಂಟು. ಮಗಳು ಸನ್ಯಾಸಿನಿಯಾಗಿ ಫ್ರಾನ್ಸಿನ ಒಂದು ಕಾನ್ವೆಂಟಿನಲ್ಲಿ ನರ್ಸ್ ಕೆಲಸ ಮಾಡುತ್ತಿದ್ದರು. ಮಲಯಾಳ ಮನೆಮಾತು, ತುಳು ನಮ್ಮಷ್ಟೇ ಚೆನ್ನಾಗಿ, ಕನ್ನಡ ಶಾಲೆಯಲ್ಲಿ ಕಲಿತದ್ದು, ಅದರ ಮೇಲೆ ಈಗ ಫ್ರೆಂಚ್. ಅಪ್ಪನ ಮದ್ದಿಗೆಂದು ಕ್ಲಿನಿಕ್ಕಿಗೆ ಬಂದವರು ಅಕ್ಕನ ಕೈ ನೋಡಿದರು.

"ನಮ್ಮಲ್ಲಿ ಒಬ್ರು ಡಾಕ್ಟ್ರು ಇದ್ದಾರೆ. ಮೆಸೊಥೆರಪಿ ಅಂತ ಮಾಡುದು. ಸಣ್ಣ ಸೂಜಿ, ಚರ್ಮದ ಒಳಗೆ ಮಾತ್ರ ಹೋಗುದು. ನೋವಿದ್ದ ಕಡೆ ಅಲ್ಲಲ್ಲಿ ಚುಚ್ಚಿ ಹನಿ ಹನಿ ಮದ್ದು ಹಾಕ್ತಾರೆ. ಕತ್ತಿಯೂ ಬೇಡ, ಎಂತದೂ ಬೇಡ."

"ಅದ್ರಿಂದ ಗುಣ ಆಗ್ತದೆ ಅಂತ ಯಾರು ಪರೀಕ್ಷೆ ಮಾಡಿ ತೋರಿಸಿದ್ದಾರೆ ಸಿಸ್ಟರ್?" ಎಂದೆ.

"ಅವರಲ್ಲಿ ಚುಚ್ಚಿಸಿಕೊಂಡು ನಮ್ಮ ಕಾನ್ವೆಂಟಿನ ಮದರ್ ಈಗ ಮೆಟ್ಲು ಹತ್ತುದನ್ನು ನಾನೇ ನೋಡ್ತೇನಲ್ಲ ಡಾಕ್ಟ್ರೆ?"

ನನ್ನಲ್ಲಿದ್ದ ಪುಸ್ತಕಗಳಲ್ಲಿ ಆ ಹೆಸರೇ ಇರಲಿಲ್ಲ. ಆದರೆ ಅಕ್ಕನ ಕಿವಿಗೆ ಬಿದ್ದದ್ದು 'ಕತ್ತಿ ಬೇಡ' ಎಂಬ ಮಾತು ಒಂದೇ. ಊಟ ಬಿಟ್ಟಳು, ಮಾತು ಬಿಟ್ಟಳು, ಕೊನೆಗೆ ಭಾವನೇ ಬಂದು, "ಒಮ್ಮೆ ಕರ್ಕೊಂಡು ಹೋಗಿ ಬಾ ಮಾರಾಯ, ಅವಳ ಹಟ ನಿನಗೆ ಗೊತ್ತುಂಟಲ್ಲ" ಎಂದರು. ನಾನು ಅಕ್ಕನನ್ನು ಎದುರು ಕೂರಿಸಿಕೊಂಡು ಮಾತು ತೆಗೆದುಕೊಂಡೆ: ಅಲ್ಲಿ ನೋವು ಕಮ್ಮಿ ಆದರೆ ಸರಿ, ಕಮ್ಮಿ ಆಗದಿದ್ದರೆ ಬಂದ ಕೂಡಲೇ ಆಪರೇಷನ್. ಅವಳು ದೇವರ ಕೋಣೆಯ ಕಡೆ ನೋಡಿ ಹೂಂ ಎಂದಳು.

ಪ್ಯಾರಿಸ್

ಬೊಂಬಾಯಿಯಿಂದ ಪ್ಯಾರಿಸ್ಸಿನವರೆಗೆ ಅಕ್ಕ ಸೀಟಿನ ಬೆಲ್ಟು ಬಿಚ್ಚಲೇ ಇಲ್ಲ. ಮೂತ್ರಕ್ಕೆ ಹೋಗಬೇಕೇ ಎಂದು ಕೇಳಿದರೆ, "ಎದ್ರೆ ಇದು ಒಂದು ಬದಿಗೆ ವಾಲಿದ್ರೆ?" ಎಂದಳು.

ಅಲ್ಲಿ ಇಳಿದ ಕೂಡಲೇ ನಮ್ಮ ಮಾನ ಹೋಯಿತು. ಸುಂಕದ ಅಧಿಕಾರಿ ಪೆಟ್ಟಿಗೆ ತೆರೆಸಿದ. ಒಳಗೆ ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿ ಒಡೆದು, ಫ್ರೆಂಚ್ ಡಾಕ್ಟರಿಗೆಂದು ತಂದಿದ್ದ ರೇಷ್ಮೆ ಶಾಲು, ನನ್ನ ಕೋಟು, ಅಕ್ಕನ ಹೊಸ ಸೀರೆ ಎಲ್ಲವೂ ಖಾರದಲ್ಲಿ ಅದ್ದಿ ಹೋಗಿದ್ದವು. ಆತ ಒಂದು ಮಿಡಿಯನ್ನು ಕೈಗವಸಿನ ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದ. "ತಿಂದು ನೋಡ್ಲಿಕ್ಕೆ ಹೇಳು," ಎಂದಳು ಅಕ್ಕ. "ಪಾಪ, ಬೆಳಿಗ್ಗೆ ಎಂತ ತಿಂದು ಬಂದಿದ್ದಾನೋ." ಆತ ತಿನ್ನಲಿಲ್ಲ. ಪೆಟ್ಟಿಗೆ ಮುಚ್ಚಿ, ಮೂಗು ಹಿಡಿದುಕೊಂಡು, ಹೋಗಿ ಎಂದು ಕೈಮಾಡಿದ. ಅಕ್ಕ ಅವನಿಗೂ ನಮಸ್ಕಾರ ಮಾಡಿದಳು. ಬಲಗೈ ಹಣೆಯವರೆಗೆ ಹೋಯಿತು, ಎಡಗೈ ಎದೆಯ ಹತ್ತಿರವೇ ನಿಂತಿತು.

ನಮ್ಮನ್ನು ಕರೆದುಕೊಂಡು ಹೋಗಲು ಸಿಸ್ಟರ್ ರೋಸಿಲಿ ಬಂದಿದ್ದರು. ಅವರ ಕಾನ್ವೆಂಟಿದ್ದ ಊರು ಲಿಯೋನ್ ಎಂಬ ಪಟ್ಟಣದಿಂದಲೂ ಆಚೆ. ರೈಲಿನಲ್ಲಿ ಪೆಟ್ಟಿಗೆಯನ್ನು ಮೇಲೆ ಇಟ್ಟದ್ದೇ ತಡ, ಆ ಡಬ್ಬಿಯಲ್ಲಿ ಕೂತಿದ್ದ ಗಂಡಹೆಂಡತಿ ಎದ್ದು ಬೇರೆ ಕಡೆ ಹೋದರು. ನಮಗೆ ಕಾಲು ಚಾಚಲು ಜಾಗ ಸಿಕ್ಕಿತು.

ಡಾಕ್ಟರ ಮನೆಯ ಕಾಯುವ ಕೋಣೆ

ಆ ಊರಿನಲ್ಲಿ ಡಾಕ್ಟರ ಕೋಣೆಗೆ ಬರುವವರು ಬಾಗಿಲಲ್ಲೇ ನಿಂತು ಒಳಗಿದ್ದವರಿಗೆಲ್ಲ ಒಟ್ಟಿಗೆ ಒಂದು ವಂದನೆ ಹೇಳುತ್ತಾರೆ. ಕೂತವರು ಒಟ್ಟಿಗೆ ತಿರುಗಿ ಹೇಳುತ್ತಾರೆ. ಮುಗಿಯಿತು. ಆಮೇಲೆ ಸೂಜಿ ಬಿದ್ದರೂ ಕೇಳಬೇಕು. ಕಡಬದ ನನ್ನ ಬೆಂಚಿನಲ್ಲಿ ಹಾಗಲ್ಲ. ಒಬ್ಬರ ಭೇದಿಯ ಕತೆ ಇನ್ನೊಬ್ಬರಿಗೆ ಬಾಯಿಪಾಠ, ನನ್ನ ಎದುರು ಬರುವಾಗ ರೋಗಿಯ ಬದಲು ಅವನ ಪಕ್ಕ ಕೂತಿದ್ದವನೇ ಎಲ್ಲವನ್ನೂ ಹೇಳಿ ಮುಗಿಸಿರುತ್ತಾನೆ. ಅಕ್ಕನಿಗೆ ಆ ಮೌನ ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಮುದುಕನ ಮಂಡಿ ತೋರಿಸಿ, "ಇವರಿಗೆಂತ ಆಗಿದೆ ಕೇಳಿ ಸಿಸ್ಟರ್" ಎಂದು ಪೀಡಿಸಿದಳು.

ಸಿಸ್ಟರ್ ನಾಚಿಕೊಂಡೇ ಕೇಳಿದರು. ಮುದುಕ ಮೊದಲು ಬೆಚ್ಚಿಬಿದ್ದ, ಆಮೇಲೆ ಬಿಟ್ಟ ಬಾಯಿ ಮುಚ್ಚಲಿಲ್ಲ. ಎರಡು ಚಳಿಗಾಲದಿಂದ ಇಲ್ಲಿಗೆ ಬರುತ್ತಿದ್ದಾನಂತೆ. ಮಂಡಿ ಇದ್ದ ಹಾಗೇ ಇದೆಯಂತೆ.

"ಮತ್ತೆ ಯಾಕೆ ಬರುದು?" ಎಂದೆ ನಾನು.

ಸಿಸ್ಟರ್ ಅವನ ಉತ್ತರ ಹೇಳಿದರು: "ಡಾಕ್ಟ್ರು ಒಳ್ಳೆಯವರಂತೆ. ಇವರ ಹೆಂಡ್ತಿ ಸತ್ತಾಗ ಮನೆಗೆ ಬಂದಿದ್ರಂತೆ. ಕಮ್ಮಿ ಇಲ್ಲ ಅಂತ ಅವರ ಮುಖ ನೋಡಿ ಹೇಳುದು ಹೇಗೆ ಅಂತ ಕೇಳ್ತಾರೆ."

ಅಕ್ಕ ಆ ಮುದುಕನನ್ನು ಬಹಳ ಮೆಚ್ಚಿಕೊಂಡಳು.

ಸೂಜಿ

ಫ್ರೆಂಚ್ ಡಾಕ್ಟರು ಕೆಟ್ಟ ಮನುಷ್ಯರಾಗಿದ್ದರೆ ನನಗೆ ಬರೆಯಲು ಸುಲಭವಿತ್ತು. ಎತ್ತರದ ಆಳು, ನೆರೆತ ಗಡ್ಡ, ಮಾತಿಗೆ ಮೊದಲೇ ನಗು. ಅಕ್ಕ ಅರ್ಧ ನಮಸ್ಕಾರ ಮಾಡಿದರೆ ಅವರೂ ಬಗ್ಗಿ ಎರಡು ಕೈ ಜೋಡಿಸಿದರು. ಉಪ್ಪಿನಕಾಯಿಯ ವಾಸನೆಯ ಶಾಲನ್ನು ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡೇ ಕೆಲಸ ಮಾಡಿದರು. ಅಕ್ಕ ಅಲ್ಲಿಗೆ ಕರಗಿ ನೀರಾದಳು.

ಚಿಕ್ಕ ಸೂಜಿಯಿಂದ ಕುತ್ತಿಗೆ, ಭುಜ, ಬೆನ್ನಿನ ಮೇಲೆ ಟಕಟಕನೆ ಚುಚ್ಚುತ್ತಾ ಹೋದರು. ಚರ್ಮದ ಮೇಲೆ ಸೊಳ್ಳೆ ಕಚ್ಚಿದಂಥ ಗುಳ್ಳೆಗಳು ಎದ್ದವು. ಅವರಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು, ಹಾಗಾಗಿ ನಾನು ಸುಮ್ಮನಿರಲಿಲ್ಲ. ಸಿರಿಂಜಿನಲ್ಲಿ ಏನಿದೆ ಎಂದು ಕೇಳಿದೆ. ಮರಗಟ್ಟಿಸುವ ಮದ್ದು, ಜೊತೆಗೆ ಇನ್ನೆರಡು. ಎಲ್ಲರಿಗೂ ಇದೇನಾ? ಇಲ್ಲ, ಒಬ್ಬೊಬ್ಬರಿಗೆ ಒಂದೊಂದು, ಅದು ಕೈಗುಣದ ವಿಷಯ. ಹಾಗಾದರೆ ಯಾವುದರಿಂದ ಗುಣವಾಯಿತು ಎಂದು ಗೊತ್ತಾಗುವುದು ಹೇಗೆ? ಅವರು ನಕ್ಕರು. ಬರೀ ನೀರು ಚುಚ್ಚಿ ನೋಡಿದ್ದೀರಾ? ಬರೀ ಸೂಜಿ? ನೋವಿನಿಂದ ಬಂದವರಿಗೆ ನೀರು ಚುಚ್ಚುವುದು ಮೋಸವಲ್ಲವೇ ಎಂದು ಅವರು ನನ್ನನ್ನೇ ಕೇಳಿದರು. ತಿರುಗಿ ಬಾರದ ರೋಗಿಗಳ ಕತೆ? ಗುಣವಾದ್ದರಿಂದ ಬಾರದೆ ಉಳಿದಿದ್ದಾರೆ ಎಂದರು.

ನನ್ನಲ್ಲಿಗೆ ತಿರುಗಿ ಬಾರದವರು ಪುತ್ತೂರಿನ ಡಾಕ್ಟರಲ್ಲಿಗೆ ಹೋಗಿರುತ್ತಾರೆ, ಇಲ್ಲವೇ ಸತ್ತಿರುತ್ತಾರೆ. ಇದನ್ನೂ ಹೇಳಿದೆ. ಅವರಿಗೆ ಅದು ತಮಾಷೆಯಾಗಿ ಕೇಳಿಸಿರಬೇಕು, ನನ್ನ ಬೆನ್ನು ತಟ್ಟಿದರು. ಮೈ ಉರಿದುಹೋಯಿತು.

ಚುಚ್ಚಿ ಮುಗಿಸಿ ಅವರು ಅಕ್ಕನ ಕಡೆ ಬಗ್ಗಿ, "ಮ್ಯೋ?" ಎಂದರು. ಫ್ರೆಂಚಿನಲ್ಲಿ ಅದಕ್ಕೆ 'ಮೊದಲಿಗಿಂತ ವಾಸಿಯೇ' ಎಂದು ಅರ್ಥ, ಸಿಸ್ಟರ್ ಬಿಡಿಸಿ ಹೇಳಿದರು. ಅಕ್ಕ ಕಿಸಕ್ಕನೆ ನಕ್ಕಳು. "ಬೆಕ್ಕು ಕರೆದ ಹಾಗೆ ಕರಿತಾರಲ್ಲ ಸಿಸ್ಟರ್!" ಎಂದವಳು, "ಮ್ಯೋ, ಮ್ಯೋ" ಎಂದು ತಲೆಯಾಡಿಸಿದಳು. ಡಾಕ್ಟರಿಗೆ ಸಂತೋಷವೋ ಸಂತೋಷ. ನಾವಿದ್ದ ಎರಡು ತಿಂಗಳೂ ಪ್ರತಿ ಸಲ ಇದೇ ಆಟ. ಅವರು ಮ್ಯೋ ಎನ್ನುವುದು, ಇವಳು ಮ್ಯೋ ಎನ್ನುವುದು, ಇಬ್ಬರೂ ನಗುವುದು. ಆ ಮರಗಟ್ಟಿಸುವ ಮದ್ದಿಗೆ ಸ್ವಲ್ಪ ಹೊತ್ತು ನೋವು ನಿಜವಾಗಿಯೂ ತಗ್ಗುತ್ತಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಂಜೆ ನಾವು ಉಳಿದುಕೊಂಡಿದ್ದ ಕಾನ್ವೆಂಟಿನ ಊಟದ ಮೇಜಿನಲ್ಲಿ ಅಕ್ಕ ಆ ಗಟ್ಟಿ ಬ್ರೆಡ್ಡನ್ನು ಮುರಿಯಲಾಗದೆ ತಟ್ಟೆಗೆ ಒತ್ತಿ ಹಿಡಿದು ಒಂದೇ ಕೈಯಲ್ಲಿ ಹರಿಯುತ್ತಿದ್ದಳು.

"ಹೇಗುಂಟು ಅಕ್ಕ?"

"ಕಮ್ಮಿ ಉಂಟು."

"ಎಡಗೈ ಎತ್ತಿ ತೋರ್ಸು, ನೋಡುವ."

"ಎಂತ ನಿನ್ನದು ಪೊಲೀಸರ ಹಾಗೆ? ಕಮ್ಮಿ ಉಂಟು ಅಂತ ಹೇಳ್ಳಿಲ್ವಾ?" ಎಂದು ಸೆರಗಿನೊಳಗೆ ಕೈ ಎಳೆದುಕೊಂಡಳು.

ನಮ್ಮ ಊರಿನಲ್ಲಿ ಡಾಕ್ಟರ ಎದುರು ಕಮ್ಮಿ ಇಲ್ಲ ಎಂದು ಯಾರೂ ಹೇಳುವುದಿಲ್ಲ. ಸಾಯುವವನೂ 'ತಕ್ಕಮಟ್ಟಿಗೆ ಕಮ್ಮಿ ಉಂಟು' ಎನ್ನುತ್ತಾನೆ, ಅದು ಉಂಡು ಎದ್ದವರು ಹೊಟ್ಟೆ ತುಂಬಿತು ಎನ್ನುವಂಥ ಮರ್ಯಾದೆಯ ಮಾತು. ಇದನ್ನು ನಾನು ಫ್ರೆಂಚ್ ಡಾಕ್ಟರಿಗೆ ಬಿಡಿಸಿ ಹೇಳಿದೆ, ಸಿಸ್ಟರಿಂದಲೂ ಹೇಳಿಸಿದೆ. ನೋವನ್ನು ಅಳೆಯುವ ಕೋಲು ರೋಗಿಯ ಬಾಯಿ ಮಾತ್ರ ಎಂದು ಅವರು ಗಂಭೀರವಾಗಿ ಉತ್ತರಿಸಿದರು. ಬಾಯಿಯನ್ನು ಕೇಳಿ, ಬೇಡ ಅನ್ನುವುದಿಲ್ಲ, ಆದರೆ ಕೈಯನ್ನೂ ಒಮ್ಮೆ ಕೇಳಿ ಎಂದೆ. ಹೊರಗೆ ಮುಂದಿನ ರೋಗಿ ಕಾಯುತ್ತಿದ್ದಾನೆ ಎಂದರು.

ಸಭೆ

ಜುಲೈ ಕೊನೆಗೆ ಲಿಯೋನಿನಲ್ಲಿ ಇಂಥ ಸೂಜಿಯ ಡಾಕ್ಟರುಗಳದ್ದೇ ಒಂದು ಸಭೆ ಇತ್ತು. ಅಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋಗಲು ಅವರು ಸಿಸ್ಟರ್ ಮೂಲಕ ಕೇಳಿಸಿದರು. ಬೇಡ ಎಂದೆ. ಅಕ್ಕ ಕೇಳಿಯಾಳೇ? ಉಪ್ಪಿನಕಾಯಿಯ ಕಲೆ ಹೋಗುವ ಹಾಗೆ ಸೀರೆ ತೊಳೆಸಿಕೊಂಡು, ಕಾನ್ವೆಂಟಿನ ತೋಟದ ಹೂ ಮುಡಿದು ಹೊರಟಳು.

ದೊಡ್ಡ ಸಭಾಂಗಣ. ನನಗೆ ಸಿಕ್ಕಿದ್ದು ಕೊನೆಯ ಸಾಲು. ಒಬ್ಬೊಬ್ಬರೇ ಎದ್ದು ತಾವು ಗುಣಪಡಿಸಿದವರ ಚಿತ್ರ ತೋರಿಸಿ ಮಾತಾಡಿದರು. ಗುಣವಾಗದವರ ಚಿತ್ರ ಯಾರೂ ತಂದಿರಲಿಲ್ಲ. ನಮ್ಮ ಡಾಕ್ಟರ ಸರದಿ ಬಂದಾಗ ಅಕ್ಕನ ಎಕ್ಸ್‌ರೇ ಪರದೆಯ ಮೇಲೆ ಮೂಡಿತು. ಭಾರತದಿಂದ ಬಂದ ಹೆಂಗಸು, ಆಪರೇಷನ್ ಎಂದು ತೀರ್ಮಾನವಾಗಿದ್ದವಳು, ಕೈ ಎತ್ತಲಾಗದವಳು ಎಂದೆಲ್ಲ ಹೇಳಿದ್ದು ಅವರ ಕೈಸನ್ನೆಯಿಂದ ನನಗೂ ಅರ್ಥವಾಯಿತು. ಆಮೇಲೆ ಸಿಸ್ಟರ್ ಅಕ್ಕನನ್ನು ವೇದಿಕೆಗೆ ಹತ್ತಿಸಿದರು. ಡಾಕ್ಟರು ಏನೋ ಹೇಳಿದರು. ಸಿಸ್ಟರ್ ತುಳುವಿನಲ್ಲಿ ಹೇಳಿದ್ದು ಇಷ್ಟೇ: "ಅಕ್ಕ, ಕೈ ಎತ್ತಿ."

ಅಕ್ಕ ಕೈ ಎತ್ತಿದಳು. ನೆಟ್ಟಗೆ, ಕಿವಿಗೆ ತಾಗುವಂತೆ, ಬಳೆಗಳು ಮೊಣಕೈವರೆಗೆ ಜಾರುವಂತೆ ಎತ್ತಿದಳು. ಬಲಗೈ!

ಸಭೆಗೆ ಸಭೆಯೇ ಚಪ್ಪಾಳೆ ಹೊಡೆಯಿತು. ಒಬ್ಬ ಮುಂದೆ ಓಡಿ ಬಂದು ಫೋಟೋ ತೆಗೆದ. ಡಾಕ್ಟರು ಸಭೆಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದರು, ಅಕ್ಕನ ಕಡೆ ನೋಡಲೇ ಇಲ್ಲ. ನಾನು ಎದ್ದು ನಿಂತು ಇಂಗ್ಲಿಷಿನಲ್ಲಿ ಕೂಗಿದೆ: ಅದಲ್ಲ, ಇನ್ನೊಂದು ಕೈ, ಎಡಗೈ ಎತ್ತಿಸಿ! ಕೆಲವರು ಹಿಂದೆ ತಿರುಗಿ ನೋಡಿ ನನಗೂ ಚಪ್ಪಾಳೆ ಹೊಡೆದರು. ಅಧ್ಯಕ್ಷರು ಗಡಿಯಾರ ತೋರಿಸಿ, ಪ್ರಶ್ನೆಗಳು ಊಟದ ನಂತರ ಎಂದರು. ಫ್ರಾನ್ಸಿನಲ್ಲಿ ಊಟದ ಹೊತ್ತಿಗೆ ಪ್ರಳಯವಾದರೂ ಕಾಯಬೇಕು.

ಊಟದ ಮೇಜಿನಲ್ಲಿ ಡಾಕ್ಟರನ್ನು ಹಿಡಿದೆ. ಅವರು ಚೀಸ್ ಕತ್ತರಿಸುವುದನ್ನು ನಿಲ್ಲಿಸಿದರು. ಮುಖ ಸ್ವಲ್ಪ ಬಿಳಿಚಿಕೊಂಡಿತು ಎಂದೇ ನನಗೆ ಅನಿಸಿತು. ಆಮೇಲೆ, ಅವಸರದಲ್ಲಿ ಹಾಗಾಗಿರಬಹುದು, ನನ್ನ ಕೋಣೆಯಲ್ಲಿ ಎಡಗೈಯನ್ನು ಶಾಂತವಾಗಿ ನೋಡೋಣ ಎಂದರು. ಯಾವಾಗ? ಸೆಪ್ಟೆಂಬರಿನಲ್ಲಿ. ಆಗಸ್ಟಿನಲ್ಲಿ ಆ ದೇಶವೇ ಬಾಗಿಲು ಹಾಕಿ ಸಮುದ್ರಕ್ಕೆ ಹೋಗುತ್ತದೆ. ರೊಟ್ಟಿ ಅಂಗಡಿಯವನೂ ಹೋಗುತ್ತಾನೆ, ಡಾಕ್ಟರೂ ಹೋಗುತ್ತಾರೆ. ಊರಿಗೆ ಮರಳುವ ನಮ್ಮ ಟಿಕೆಟ್ಟು ಇದ್ದದ್ದು ಅದೇ ವಾರಕ್ಕೆ. ಊಟದ ನಂತರದ ಪ್ರಶ್ನೆಗಳ ಹೊತ್ತಿನಲ್ಲಿ ನಾನು ಕೈ ಎತ್ತಿಯೇ ಕೂತಿದ್ದೆ, ಅಧ್ಯಕ್ಷರು ನನ್ನ ಕಡೆ ನೋಡಲಿಲ್ಲ.

ಹೊಳೆಯ ಬದಿ

ಸಭೆ ಮುಗಿದ ಮೇಲೆ ರೈಲಿಗೆ ಹೊತ್ತಿತ್ತು. ರೋನ್ ಹೊಳೆಯ ದಡದ ಬೆಂಚಿನಲ್ಲಿ ಮೂವರೂ ಕೂತೆವು. ಎಷ್ಟು ದೊಡ್ಡ ಹೊಳೆ, ಒಂದು ದನ ನೀರು ಕುಡಿಯುವುದು ಕಾಣುವುದಿಲ್ಲ ಎಂದು ಅಕ್ಕ ಬೇಸರ ಮಾಡಿಕೊಂಡಳು. ನನಗೆ ಅವಳ ಮಾತು ಕೇಳುವ ತಾಳ್ಮೆ ಇರಲಿಲ್ಲ.

"ಯಾಕೆ ಬಲಗೈ ಎತ್ತಿದ್ದು? ಯಾರನ್ನು ಮಂಗ ಮಾಡ್ಲಿಕ್ಕೆ?"

ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. "ಎಂತ ಮಾತಾಡ್ತಿ ನೀನು? ಅಷ್ಟು ದೊಡ್ಡವರು ಕೂತಿದ್ದಾರೆ. ಅವರ ಎದುರು ಎಡಗೈ ಎತ್ತುದಾ? ಅಪ್ಪ ಅಮ್ಮ ಅದನ್ನಾ ಕಲಿಸಿದ್ದು?"

ಸಿಸ್ಟರ್ ಬಾಯಿಗೆ ಕೈ ಹಿಡಿದರು. "ಅಯ್ಯೋ ದೇವರೇ! ಯಾವ ಕೈ ಅಂತ ನಾನು ಹೇಳ್ಳೇ ಇಲ್ಲ."

"ಎಡಗೈ ಅಂತ ಹೇಳಿದ್ರೆ ಎತ್ತುತ್ತಿದ್ದಿಯಾ?" ಎಂದು ಕೇಳಿದೆ.

ಅವಳು ಸೆರಗು ಸರಿಸಿ ಎಡಗೈಯನ್ನು ಮಡಿಲಿನಿಂದ ಎತ್ತಲು ನೋಡಿದಳು. ಊರು ಬಿಡುವಾಗ ಎದೆಯವರೆಗೆ ಬರುತ್ತಿದ್ದ ಕೈ ಈಗ ಹೊಟ್ಟೆಯ ಮಟ್ಟದಲ್ಲೇ ನಡುಗಿ ಬಿದ್ದಿತು. ಹೆಬ್ಬೆರಳಿನ ಬುಡದ ಮಾಂಸ ಬತ್ತಿದ್ದು ಆ ಬಿಸಿಲಿನಲ್ಲಿ ನನಗೆ ಸರಿಯಾಗಿ ಕಂಡಿತು.

"ಕಮ್ಮಿ ಇಲ್ಲ ಅಂದ್ರೆ ಕತ್ತಿಗೆ ಕೊಡುದು ಅಂತ ನೀನೇ ಹೇಳಿದ್ದಲ್ವಾ ತಮ್ಮ? ಮತ್ತೆ ಕಮ್ಮಿ ಉಂಟು ಅನ್ನದೆ ಎಂತ ಹೇಳ್ಬೇಕು ನಾನು?" ಎಂದು ಅತ್ತಳು. "ಅವರೂ ಪಾಪ, ಅಷ್ಟು ಪ್ರೀತಿಯಿಂದ ಚುಚ್ಚುದು. ಮ್ಯೋ ಅಂತ ಕೇಳ್ವಾಗ ಮಕ್ಕಳ ಮುಖ ಆಗ್ತದೆ ಅವರದ್ದು."

ನನಗೆ ಅವಳ ಮೇಲೆ ಸಿಟ್ಟು ಬಂತು, ಡಾಕ್ಟರ ಮೇಲೆ ಬಂತು, ಚಪ್ಪಾಳೆ ಹೊಡೆದ ಆ ಕೈಗಳೆಲ್ಲದರ ಮೇಲೆ ಬಂತು. ಅಷ್ಟು ಓದಿದವರು ಸೇರಿದ್ದರಲ್ಲ, ಒಬ್ಬನಾದರೂ ಪರದೆಯ ಎಕ್ಸ್‌ರೇಯನ್ನೂ ಎತ್ತಿದ ಕೈಯನ್ನೂ ಸೇರಿಸಿ ನೋಡಬಾರದಿತ್ತೇ? ಇಲ್ಲ ಎನ್ನಲು ದಾರಿಯೇ ಇಲ್ಲದ ಹಾಗೆ ಪ್ರಶ್ನೆ ಕೇಳಿದರೆ ಯಾರು ತಾನೇ ಇಲ್ಲ ಎನ್ನುತ್ತಾರೆ? ಆ ಸೂಜಿಯಲ್ಲಿ ಏನೋ ಗುಣ ಇದ್ದರೂ ಇರಬಹುದು. ಯಾವ ನೋವಿಗೆ, ಯಾವ ಮದ್ದು, ಎಷ್ಟು ದಿನಕ್ಕೆ ಎಂದು ಹಿಡಿದು ಕೂತು ಪರೀಕ್ಷೆ ಮಾಡುವ ತಾಳ್ಮೆ ಅಲ್ಲಿ ಯಾರಿಗೂ ಇರಲಿಲ್ಲ. ಚುಚ್ಚುವ ಉತ್ಸಾಹ ಮಾತ್ರ ಬೇಕಾದಷ್ಟಿತ್ತು.

ಮಂಗಳೂರು

ಬಂದವರು ನೇರ ಸರ್ಜನ್ ಹತ್ತಿರ ಹೋದೆವು. ಅವರು ಅಕ್ಕನ ಬೆರಳುಗಳನ್ನು ಒಂದೊಂದಾಗಿ ಮಡಚಿಸಿ ನೋಡಿದರು, ಒತ್ತು ಎಂದರು, ಹಿಡಿ ಎಂದರು, ಕಣ್ಣು ಮುಚ್ಚಿಸಿ ಹತ್ತಿ ತಾಗಿಸಿದರು. ಹೇಗುಂಟು ಎಂದು ಒಮ್ಮೆಯೂ ಕೇಳಲಿಲ್ಲ. ಹೋಗುವ ಮೊದಲೇ ಆಪರೇಷನ್ ಮಾಡಿಸಿದ್ದರೆ ಚೆನ್ನಾಗಿತ್ತು ಎಂದಷ್ಟೇ ಹೇಳಿದರು, ನನ್ನ ಮುಖ ನೋಡದೆ.

ಆಪರೇಷನ್ ಆಯಿತು. ನೋವು ಹೋಯಿತು, ಪೂರ್ತಿ ಹೋಯಿತು. ಬೆರಳಿಗೆ ಬಲ ಬರಲಿಲ್ಲ. ಅಕ್ಕ ಹಟ್ಟಿಗೆ ಹೋಗಿ ಒಂದು ಕೈಯಲ್ಲಿ ಕರೆಯಲು ನೋಡಿದಳು. ಕೂತ ರೀತಿ ಬದಲಾದದ್ದಕ್ಕೋ ಏನೋ, ದನ ಚೆಂಬನ್ನು ಒದ್ದು ಉರುಳಿಸಿತು. ಅವಳು ಮತ್ತೆ ಹಟ್ಟಿಗೆ ಹೋಗಲಿಲ್ಲ. ಭಾವ ಸುಳ್ಯದ ಕಡೆಯವರಿಗೆ ದನಗಳನ್ನು ಕೊಟ್ಟರು. ಹಾಲಿನ ಬಾಟ್ಲಿ ಈಗ ಪಕ್ಕದ ಮನೆಯಿಂದ ಬರುತ್ತದೆ.

ಮತ್ತೆ ಐವರ್ನಾಡು

ಎರಡು ವರ್ಷ ಕಳೆದು ಸಿಸ್ಟರ್ ರೋಸಿಲಿ ರಜೆಗೆ ಬಂದರು. ಅಕ್ಕನನ್ನು ನೋಡಬೇಕೆಂದರು, ನಾನೇ ಜೀಪಿನಲ್ಲಿ ಐವರ್ನಾಡಿಗೆ ಕರೆದುಕೊಂಡು ಹೋದೆ. ಅವರು ಚಾವಡಿಯಲ್ಲಿ ಕೂತು ಅಕ್ಕನ ಎಡಗೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದುಕೊಂಡರು.

"ಅಲ್ಲಿ ನಿಮ್ಮ ಫೋಟೋ ಈಗಲೂ ತೋರಿಸ್ತಾರೆ ಅಕ್ಕ," ಎಂದರು. "ಸಭೆ ಆದಲ್ಲೆಲ್ಲ ತೋರಿಸ್ತಾರೆ. ಅದನ್ನು ನೋಡಿ ದೂರದಿಂದ ಜನ ಬರ್ತಾರೆ. ಕುತ್ತಿಗೆಗೆ ಆಪರೇಷನ್ ಬೇಡ ಅಂತ ಹೇಳಿ ಬರ್ತಾರೆ."

ಅಕ್ಕ ಕೈ ಎಳೆದುಕೊಂಡಳು. ಅವಳ ಮುಖ ಅಷ್ಟು ಕೆಂಪಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನನಗೆ ಕಮ್ಮಿ ಆಗ್ಲಿಲ್ಲ ಅಂತ ನೀವು ಹೇಳ್ಬೇಕಿತ್ತು ಸಿಸ್ಟರ್! ಗಿರಿಜ ಹೇಳಿದ್ದಾಳೆ ಅಂತ ಹೇಳಿ. ಮೊದ್ಲು ಹೇಳಿದ್ದು ಸುಳ್ಳು, ಮರ್ಯಾದೆಗೆ ಹೇಳಿದ್ದು ಅಂತ ಹೇಳಿ. ನನ್ನ ಹೆಸರು ಹಾಳಾದ್ರೆ ಆಗ್ಲಿ."

"ಹೇಳಿದೆ ಅಕ್ಕ. ಆಪರೇಷನ್ ಆದ ಕೂಡಲೇ ನಿಮ್ಮ ತಮ್ಮ ನನಗೆ ಕಾಗದ ಹಾಕಿದ್ರಲ್ಲ, ಆಗಲೇ ಹೋಗಿ ಹೇಳಿದೆ. ಅಲ್ಲಿನ ಡಾಕ್ಟ್ರಿಗೆ ತುಂಬ ಬೇಜಾರಾಯ್ತು."

"ಮತ್ತೆ? ಎಂತ ಹೇಳಿದ್ರು?"

ಸಿಸ್ಟರ್ ನನ್ನ ಕಡೆ ನೋಡಿದರು, ಆಮೇಲೆ ನೆಲ ನೋಡಿದರು.

"ಒಬ್ಬಳು ಹೆಂಗಸಿನ ಬಾಯಿಮಾತಿನ ಮೇಲೆ ಎಂತದನ್ನೂ ತೀರ್ಮಾನ ಮಾಡ್ಲಿಕ್ಕೆ ಆಗುದಿಲ್ಲ ಅಂತ ಹೇಳಿದ್ರು."